ಎರಡು ಬೆರಳ ಕಣ್ಣು

ಹತ್ತೊಂಬತ್ತನೇ ಮಹಡಿಯ ಹೊರಗೆ
ಹಗ್ಗಕ್ಕೆ ಸೊಂಟ ಕೊಟ್ಟು ನೇತಾಡುತ್ತ
ಪಾರಿವಾಳದ ಬಲೆ ಕಟ್ಟುವುದು ನನ್ನ ಕಸುಬು.
ಮುಲುಂಡ್, ಭಾಂಡುಪ್, ಪೊವಾಯಿ.
ಚದರಡಿಗೆ ಇಷ್ಟು, ಮೊಳೆಗೆ ಬೇರೆ,
ಹಿಕ್ಕೆ ಕೆರೆದು ತೊಳೆದರೆ ಅದಕ್ಕೂ ಬೇರೆ.

ಇಲ್ಲಿಂದ ಕಾಣುತ್ತದೆ
ಅಪ್ಪ ಉಪ್ಪು ಹೊತ್ತ ಕಾಂಜೂರಿನ ಆಗರ.
ಅದರಂಚಿಗೆ ನಮ್ಮ ತಗಡಿನ ಮನೆಯಿತ್ತು.
ರಾತ್ರಿ ಖಾಡಿಯ ಕಡೆಯಿಂದ ನರಿ ಊಳಿಟ್ಟರೆ
"ಮಕ್ಕೊ, ನಿಮ್ಮ ಮಾವ ಕರಿಯಾಕ ಬಂದಾನ"
ಎನ್ನುತ್ತಿದ್ದಳು ಅವ್ವ.
ಆಳಂದದಿಂದ ನಿಜವಾದ ಸೋದರಮಾವ ಬಂದ ದಿನ
ಬಾಲ ಇದೆಯೇ ಎಂದು
ಅವನ ಹಿಂದೆ ಹೋಗಿ ನೋಡಿದ್ದೆ.

ಈಗ ನರಿಯ ಕೂಗಿಲ್ಲ,
ಇದ್ದರೂ ಹೆದ್ದಾರಿಯ ಸದ್ದಿನಲ್ಲಿ ಯಾರಿಗೆ ಕೇಳೀತು?
ಅದೇ ಕೆಸರಲ್ಲಿ ಸಾವಿರ ಸಾವಿರ ಫ್ಲೆಮಿಂಗೊ,
ನೋಡಲು ದೋಣಿ, ದೋಣಿಗೆ ಟಿಕೀಟು.
ಅಪ್ಪ ಒಂದನ್ನೂ ಕಂಡವನಲ್ಲ.
ಕಂಡಿದ್ದರೆ ಮೊದಲು ಕೇಳುತ್ತಿದ್ದ:
"ತಿನ್ನಾಕ ಬರ್ತದೇನು?"

ಗುಬ್ಬಿಯ ವಿಷಯದಲ್ಲಿ ಮಾತ್ರ ಅವನು ಬೇರೆ ಮನುಷ್ಯ.
ಲೈಟಿನ ಮೀಟರ್ ಡಬ್ಬಿಯೊಳಗೆ ಗೂಡಿಟ್ಟ ವರ್ಷ
ಅದರ ಮುಂದೆ ಕೈಕಟ್ಟಿ ನಿಂತುಬಿಟ್ಟ.
ಓದಲು ಬಂದ ತಾವಡೆ
ಮುಚ್ಚಳ ತೆರೆದ,
ನಾಲ್ಕು ಕೆಂಪು ಬಾಯಿ ನೋಡಿದ,
ಮೆಲ್ಲಗೆ ಮುಚ್ಚಿದ,
ಅಂದಾಜಿನಲ್ಲಿ ಒಂದು ಅಂಕಿ ಗೀಚಿಕೊಂಡು ಹೋದ.

ಯಾವ ವರ್ಷ ಹೋದವು, ನೆನಪಿಲ್ಲ.
ಹೋಗುವವರು ಹೇಳಿ ಹೋಗುತ್ತಾರೆಂದು
ನಂಬಿದ್ದೆವೋ ಏನೋ.
ಅವ್ವ ಕೇರಿ ಚೆಲ್ಲಿದ ನುಚ್ಚು
ಒಂದು ಸಂಜೆ ಅಂಗಳದಲ್ಲೇ ಉಳಿದಿತ್ತು.
ಇರುವೆ ಒಯ್ದವು.

ಇವತ್ತು ಏಸಿ ಪೆಟ್ಟಿಗೆಯ ಕೆಳಗೆ
ಪಾರಿವಾಳದ ಗೂಡು.
ಕಡ್ಡಿಗೆ ಎಲ್ಲಿ ಹೋಗಬೇಕು ಅದು?
ತಂತಿ ಚೂರು, ಐಸ್‌ಕ್ರೀಮಿನ ಚಮಚ,
ಜೊತೆಗೆ ಹಸಿರು ನೈಲಾನು:
ಹೋದ ತಿಂಗಳು ಪಕ್ಕದ ಮನೆಗೆ ಕಟ್ಟುವಾಗ
ನಾನೇ ಕತ್ತರಿಸಿ ಬಿಟ್ಟ ತುದಿಗಳು.
ಒಂದು ಮೊಟ್ಟೆ, ಒಂದು ಮರಿ.
ಮರಿ ಕುರೂಪಿ, ಹಳದಿ ನಾರು, ಬರೀ ಕೊಕ್ಕು.

ಗಾಜಿನೊಳಗಿಂದ ಛೇಡಾ ಬಾಯಿ
ಕೈಯಲ್ಲೇ ಹೇಳಿದರು: ಎಸೆ.

ಪಾರಿವಾಳದ ಮೇಲೆ ನನಗೇನೂ ಪ್ರೀತಿಯಿಲ್ಲ.
ಅದರ ಧೂಳಿಗೇ ಅವ್ವನ ಎದೆ ಕಟ್ಟಿತೆಂದು
ಸಾಯನ್ ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ.
ಆದರೂ ಬಾಯಿಗೆ ಬಂದದ್ದು:
"ಬಲೆ ಕಡಿಮೆ ಬಿತ್ತು ಬಾಯಿ,
ತಿಂಗಳು ಬಿಟ್ಟು ಬರುತ್ತೇನೆ."
ಚೀಲದಲ್ಲಿ ಇನ್ನೂ ಮೂವತ್ತು ಅಡಿ ಇತ್ತು.

ಬಲೆಗೆ ಎರಡು ಬೆರಳಗಲದ ಕಣ್ಣು.
ಪಾರಿವಾಳದ ಎದೆ ತಡೆಯುತ್ತದೆ,
ಗುಬ್ಬಿಯಾದರೆ ಸಲೀಸಾಗಿ ತೂರೀತು.
ಕಟ್ಟಿ ಮುಗಿದ ಪ್ರತಿ ಬಲೆಗೂ ಕೊನೆಯಲ್ಲಿ
ಎರಡು ಬೆರಳು ತೂರಿಸಿ ನೋಡುತ್ತೇನೆ.
ಬಿಗಿ ನೋಡುತ್ತಾನೆ ಎಂದುಕೊಂಡು
ಗಿರಾಕಿಗಳು ತಲೆದೂಗುತ್ತಾರೆ.