ಒತ್ತು

ಗಣಿ ಮುಚ್ಚಿದ ಮೇಲೆ ಉಳಿದದ್ದು
ಎರಡು ಉಕ್ಕಿನ ತೊಲೆ, ಒಂದು ರಾಟೆ, ಮತ್ತೆ ನಾನು.
ರಾಟೆಯನ್ನು ಗುಜರಿಯವನು ಒಯ್ದ.
ತೊಲೆಗಳ ಮೇಲೆ ಕೋಳಿ ಕೂರುತ್ತಿದ್ದವು,
ಬೆಗಿಮಾಯ್ ಬಂದು ಓಡಿಸುವ ತನಕ.

"ಮಾವ, ಬೆಸುಗೆ ಹಾಕಿಕೊಡು."
ಕೈಯಲ್ಲಿ ಲೆಕ್ಕದ ಪುಸ್ತಕದಿಂದ ಹರಿದ ಹಾಳೆ,
ಅದರಲ್ಲಿ ಬಾಯಿ ತೆರೆದ ಮೊಸಳೆಯಂಥ ಯಂತ್ರ.
ಕರಕೋಲ್ ಪೇಟೆಯಲ್ಲಿ ಸ್ಕೀ ಒಂದು ಜೊತೆಗೆ
ಒಂದು ಕರೆಯುವ ಹಸುವಿನ ಬೆಲೆ.
ಇರುವುದೇ ಒಂದು ಹಸು.

ಗಂಡು ಹುಟ್ಟಿದರೆ ಪಾಪ್ಲರ್ ನೆಡುತ್ತಿದ್ದೆವು,
ಮುಂದೆ ಅವನ ಮನೆಯ ಜಂತಿಗೆ ಬೇಕಲ್ಲ.
ಇವಳಪ್ಪ ಇವಳಿಗೂ ಒಂದು ನೆಟ್ಟ. ಯಾಕೆಂದು
ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.
ಅದನ್ನೇ ಕಡಿದೆವು. ಸೀಳಿ, ಅಂಟಿಸಿ, ಹತ್ತರಿ ಹೊಡೆದು
ನಡುವೆ ಹನ್ನೊಂದು ಮಿಲಿಮೀಟರ್,
ತುದಿಗೆ ಎರಡು;
ಇಡೀ ಮರಕ್ಕೆ ಇಷ್ಟೇ ಇಷ್ಟು ಮೈ.

ಅಗ್ನಿಶಾಮಕ ಠಾಣೆಯ ಕಾದಿರ್ಬೆಕ್
ಒಂದು ಬೆಂಕಿಯನ್ನೂ ಕಾಣದೆ ಮುದಿಯಾದ
ಕ್ಯಾನ್ವಾಸ್ ಕೊಳವೆ ಕೊಟ್ಟ.
ನೀರು ಕುಡಿಯಬೇಕಿದ್ದದ್ದು ಗಾಳಿ ಕುಡಿದು
ತೊಲೆಗಳ ನಡುವೆ ಉಬ್ಬಿತು.

ಕಪ್ಪು ತಳ, ಉಕ್ಕಿನ ಅಂಚು, ಗಾಜುನಾರಿನ ಬಟ್ಟೆ,
ಮರ, ಮತ್ತೆ ಬಟ್ಟೆ, ಎಲ್ಲದರ ನಡುವೆ
ಜೇನಿನಂತೆ ಎಳೆಬಿಡುವ ಅಂಟು.
ಅಜ್ಜಿ ಇಣುಕಿದಳು: "ಪದರ ಪದರ!
ಕತ್ತಾಮಾ ರೊಟ್ಟಿಯೇನೆ? ಬೆಣ್ಣೆ ಕಮ್ಮಿಯಾಯಿತು."

ಒಂಬತ್ತಕ್ಕೆ ಕರೆಂಟು ಹೋಯಿತು.
ಚಳಿಗೆ ಅಂಟು ಹಿಡಿಯದು.
ಒಲೆಯ ಇಟ್ಟಿಗೆ ಕಾಸಿ, ಚಿಂದಿಯಲ್ಲಿ ಸುತ್ತಿ,
ಸಾಲಾಗಿ ಒತ್ತಿಗೆ ಆನಿಸಿ, ಮೇಲೆ
ಅಜ್ಜಿಯ ಮದುವೆಯ ಉಣ್ಣೆಜಮಖಾನೆ ಹೊದಿಸಿದೆವು.
ಅವಳು ಬೈದಳು. ತಾನೇ ಅಂಚು ಮಡಚಿದಳು,
ಬಾಣಂತಿಗೆ ಹೊದಿಸಿದ ಹಾಗೆ.

ಎಲ್ಲೋ ಸೋರುತ್ತಿತ್ತು. ಅರ್ಧ ಗಂಟೆಗೊಮ್ಮೆ
ಲಾರಿಯ ಕಾಲುಪಂಪು ತುಳಿದೆ,
ಟಾರ್ಚು ಹಿಡಿದು ಮುಳ್ಳು ನೋಡಿದೆ.
ಇಪ್ಪತ್ತೆರಡು ವರ್ಷ ಮುಳ್ಳು ನೋಡಿದವನು ನಾನು.
ಹಗ್ಗದ ಆ ತುದಿಗೆ ಆಗ ಮನುಷ್ಯರಿರುತ್ತಿದ್ದರು.
ಒಂದು ದಿನ ಮುಳ್ಳು ಸರಿಯಾಗಿಯೇ ಇತ್ತು.
ಹಗ್ಗ ಹಗುರಾಗಿ ಬಂತು.

ಬೆಗಿಮಾಯ್ ನಿದ್ದೆ ಮಾಡಿರಲಿಲ್ಲ.
"ಎಷ್ಟಿದೆ ಮಾವ?"
"ಮೂರೂವರೆ."
"ಸಾಕಾ?"
"ಸಾಕು" ಎಂದೆ, ಇನ್ನೂ ನಾಲ್ಕು ಸಲ ತುಳಿದೆ.

ಬೆಳಿಗ್ಗೆ ಗಾಳಿ ಬಿಟ್ಟೆವು. ನಿಟ್ಟುಸಿರು ದೀರ್ಘವಾಗಿತ್ತು.
ಕಲ್ಲಂಗಡಿ ಕೊಳ್ಳುವವಳ ಹಾಗೆ
ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿದಳು:
ಟಕ್ ಟಕ್ ಟಕ್, ಬಲಗಾಲಿನದರ ಹಿಂದುಗಡೆ
ಡಬ್.
ಒಳಗೊಂದು ಗುಳ್ಳೆ, ಜೋಳದ ಕಾಳಿನಷ್ಟು.
ಇಬ್ಬರೂ ಸುಮ್ಮನಾದೆವು.
ಆಮೇಲೆ ಅವಳು ಸ್ಕ್ರೂ ಡ್ರೈವರ್ ಕೇಳಿದಳು.

ಕಲ್ಲಿದ್ದಲ ತಿಪ್ಪೆಯಾಚೆ ಇಳಿಜಾರು.
ಅಪ್ಪನ ಮರದ ಹಾವುಗೆ ಮೆಟ್ಟಿ ಹತ್ತಿದಳು,
ಚುಕ್ಕೆಯಾದಳು, ತಿರುಗಿದಳು.
ಎಡಕ್ಕೆ ಬೆಣ್ಣೆ ಕೊಯ್ದ ಹಾಗೆ.
ಬಲಕ್ಕೆ ಬರುವಾಗ ಸ್ಕೀ ಚೂರು ಗೊಣಗಿತು,
ಹಿಮ ಎದ್ದು ಅವಳನ್ನು ಮುಚ್ಚಿತು.
ಎಣಿಸತೊಡಗಿದೆ, ಹಳೆಯ ಚಟ.
ಏಳಕ್ಕೆ ಕೆಂಪು ಟೊಪ್ಪಿಗೆ ಕಂಡಿತು.

"ಮರ ಇನ್ನೂ ಅರ್ಧ ಇದೆಯಲ್ಲ?" ಕೂಗಿದಳು ಕೆಳಗಿನಿಂದ.

ಹಿಂದಿರುಗಿ ನೋಡಿದರೆ
ಕೋಳಿಗಳು ಮತ್ತೆ ತೊಲೆಯ ಮೇಲೆ ಸಾಲಾಗಿ.
ಅದು ಇನ್ನೂ ಬೆಚ್ಚಗಿತ್ತು.