ಉದ್ಭವಿಸುವುದಿಲ್ಲ

ಸಿರವಾರ ಬಸ್‌ಸ್ಟ್ಯಾಂಡಿನ ಎದುರಿಗೆ
ಬೀಜ ಗೊಬ್ಬರದಂಗಡಿಯ ಮ್ಯಾಲಿನ ಖೋಲಿ.
ಇಲ್ಲಿ ಪ್ರಶ್ನೆ ಟೈಪು ಮಾಡುತ್ತೇನೆ, ಖಾಸಿಂಅಲಿ.
ಕೇಳುವವರು ಬೇರೆ: ನೀಲಗಂಗಮ್ಮ, ನಮ್ಮ ಶಾಸಕರು,
ವಿರೋಧ ಪಕ್ಷದ ಮೂರನೇ ಸಾಲು, ಕಂಬದ ಮರೆ.
ಅಕ್ಕಾವರ ಸಿಟ್ಟನ್ನು ಅ, ಆ, ಇ ಎಂದು
ಹೋಳು ಮಾಡಿ ಕಳಿಸುವುದಷ್ಟೇ ನನ್ನ ಕಸುಬು.

ಸಿಟ್ಟು ಇದ್ದಹಾಗೇ ಸದನದೊಳಗೆ ಹೋಗುವಂತಿಲ್ಲ.
ನಿಯಮವುಂಟು: ವ್ಯಂಗ್ಯ ಕೂಡದು, ಊಹೆ ಕೂಡದು,
ವಾದ ಕೂಡದು.
ದೀಪದ ಬುಡಕ್ಕೇ ಕತ್ತಲು ಅಂತ ಅವರಂದದ್ದನ್ನು
ನಾನೇ ಹೊಡೆದುಹಾಕಿದೆ.
ಶಕ್ತಿನಗರದ ಚಿಮಣಿಯ ಬೂದಿ
ಒಣಹಾಕಿದ ಧೋತರದ ಮ್ಯಾಲೆ ಕೂಡುವುದನ್ನೂ ಹೊಡೆದೆ.
ಉಳಿದದ್ದು ಇಷ್ಟು:

ಅ) ಹೊಸದಿನ್ನಿಯ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟು
ನಡುರಾತ್ರಿ ದಾಟಿದ ಮೇಲೆಯೇ ಬರುತ್ತಿರುವುದು
ಸರ್ಕಾರದ ಗಮನಕ್ಕೆ ಬಂದಿದೆಯೇ?
ಆ) ಎಡದಂಡೆ ಕಾಲುವೆಯ ಕೊನೆಯ ತೂಬಿನಲ್ಲಿ
ಪುಸ್ತಕದ ಗೇಜು ಮೂರಡಿ ಇರುವಾಗ
ಕೊಕ್ಕರೆಯ ಕಾಲು ತೊಯ್ಯದಿರಲು ಕಾರಣವೇನು?
(ಕೊಕ್ಕರೆ ಉಳಿಸಿಕೊಂಡೆ. ಅದು ವ್ಯಂಗ್ಯವಲ್ಲ, ಅಳತೆ.)
ಇ) ಮೆಣಸಿನಕಾಯಿ ಬಿಡಿಸಿ ಬಿಡಿಸಿ ಗೆರೆ ಸವೆದ ಹೆಬ್ಬೆಟ್ಟನ್ನು
ರೇಷನ್ ಮಶೀನು ಗುರುತಿಸದಿದ್ದರೆ
ಆ ಹೆಂಗಸರ ಅಕ್ಕಿ ಯಾರ ಪಾಲು?

ಡಿಸೆಂಬರ್. ಅವರು ಅಲ್ಲಿ ಬೆಳಗಾವಿಯ ಚಳಿಯಲ್ಲಿ.
ಇಲ್ಲಿ ಮೇಜಿನ ಮೇಲೆ ನನ್ನ ಫೋನು, ನೇರ ಪ್ರಸಾರ,
ಬ್ಯಾಟರಿ ಒಂಬತ್ತು.
ಪಕ್ಕದಲ್ಲಿ ಹೊಸದಿನ್ನಿಯ ಹುಲಿಗೆವ್ವ,
ಮೂರನೇ ಪ್ರಶ್ನೆಯ ಹೆಬ್ಬೆಟ್ಟು ಅವಳದೇ,
ಎಲೆ ಅಡಿಕೆ ಸಂಚಿ ಬಿಚ್ಚಿ ಕೂತಿದ್ದಾಳೆ, ಮದುವೆಗೆ ಬಂದವಳಂತೆ.

ಮಂತ್ರಿ ಎದ್ದರು. ಕನ್ನಡಕ. ಕಾಗದ.
ಅ, ಬಂದಿದೆ.
ಆ, ಪರಿಶೀಲನೆಯಲ್ಲಿದೆ.
ಇ, ಉದ್ಭವಿಸುವುದಿಲ್ಲ.

ಹೊಟ್ಟೆಯಲ್ಲಿ ಏನೋ ಕದಲಿತು ನನಗೆ.
ಆರು ವರ್ಷದ ಹಿಂದೆ, ಅಕ್ಕಾವರ ಪಕ್ಷ ಆಳುತ್ತಿದ್ದಾಗ,
ವಿಧಾನಸೌಧದ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ,
ತಿಂಗಳ ಗುತ್ತಿಗೆಯ ಮ್ಯಾಲೆ,
ಇದೇ ಬೆರಳು ಅದೇ ಶಬ್ದವನ್ನು
ಎಷ್ಟು ಸಲ ಹೊಡೆದಿತ್ತೋ ಲೆಕ್ಕವಿಟ್ಟಿಲ್ಲ.
ಯಾವುದು ಉದ್ಭವಿಸಲಿಲ್ಲ ಎಂದು ಒಮ್ಮೆಯೂ ಓದಿರಲಿಲ್ಲ.

ಉಪಪ್ರಶ್ನೆಗೆ ಅಕ್ಕಾವರು ಎದ್ದರು.
ನಾನು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು, ನೋಡಲಿಲ್ಲ.
"ಅಧ್ಯಕ್ಷರೇ, ಈ ಉತ್ತರ ನಮ್ಮ ಕಾಲದ್ದು.
ಅಲ್ಪವಿರಾಮ ಸೈತ ಆಗ ತಪ್ಪಿದಲ್ಲೇ ತಪ್ಪಿದೆ.
ಅವತ್ತು ನಾವು ಓದಿದಾಗ ಇವರು ಅಲ್ಲಿಂದ ಕೂಗಿದ್ದರು,
ಇವತ್ತು ಇವರು ಓದುವಾಗ ನಾನು ಇಲ್ಲಿಂದ.
ಕುರ್ಚಿ ಬದಲಾದವು, ಕಾಗದ ಬದಲಾಗಲಿಲ್ಲ.
ನಾವು ಮಾಡಿದ್ದು ತಪ್ಪು. ಬರಕೊಳ್ಳಿ ಕಡತದಲ್ಲಿ.
ಈಗ ಮಂತ್ರಿಗಳು..."

ಎರಡೂ ಕಡೆಯ ಬೆಂಚು ಎದ್ದು ನಿಂತವು.
ಅವರ ಪಕ್ಷದವರೇ ಅವರ ಸೆರಗಿನ ಹಿಂದೆ
ಕೂಡ್ರಿ, ಕೂಡ್ರಿ ಅನ್ನುವುದು ಕೇಳಿಸಿತು.
ಅಷ್ಟರಲ್ಲಿ ಫೋನು ಸತ್ತಿತು.
ಚಾರ್ಜಿಗೆ ಹಾಕಲು ಹೋದರೆ
ಸಿರವಾರದಲ್ಲಿ ಕರೆಂಟಿಲ್ಲ.

ಹುಲಿಗೆವ್ವ ಕೇಳಿದಳು, "ಏನಂದ್ರಪ್ಪಾ ನಂದಕ್ಕ?"
ಏನು ಹೇಳಲಿ. ಇದ್ದಹಾಗೇ ಹೇಳಿದೆ.
"ಉದ್ಭವ?" ಅಂದಳು.
"ಉದ್ಭವ ಅಂದ್ರ ನಮ್ಮ ಹಳ್ಳದ ದಂಡ್ಯಾಗಿನ ಲಿಂಗ.
ಎರೆ ಹೊಲ ಸೀಳಿ ತಾನ ಎದ್ದದ್ದು.
ಆಗಂಗಿಲ್ಲ ಅಂತ ಅದಕ್ಕ ಯಾರು ಹೇಳಿದ್ರಂತ?"

ಉತ್ತರ ನನ್ನಲ್ಲಿರಲಿಲ್ಲ. ಟೈಪು ಮಾಡುವವನು ನಾನು.
ಅವಳು ಎದ್ದು, ಸಂಚಿ ಕಟ್ಟಿ, ಹೋಗುವ ಮುಂಚೆ
ಕಪ್ಪಾಗಿ ಬಿದ್ದಿದ್ದ ಫೋನಿನ ಗಾಜಿಗೆ
ಹೆಬ್ಬೆಟ್ಟು ಒತ್ತಿ ತೆಗೆದಳು.
"ಇದರಾಗರ ಮೂಡ್ತದೇನು ನೋಡು."

ಗೆರೆ ಮೂಡಲಿಲ್ಲ.
ಸುಣ್ಣ ಹತ್ತಿದ ಒಂದು ಬಿಳಿಗಲೆ, ಅದರೊಳಗೆ
ಚೂರು ಮೆಣಸಿನಕಾಯಿ ಕೆಂಪು.
ಐದರ ಬಸ್ಸು ಹಾರನ್ ಹೊಡೆಯಿತು. ಕೆಳಗೆ ಅವಳ ಓಟ.
ನಾನು ಹಾಳೆ ಎಳೆದುಕೊಂಡು, ಪೆನ್ನಿನಲ್ಲೇ,
ಕಿಟಕಿಗೆ ಉಳಿದ ಬೆಳಕಿನಲ್ಲಿ
ಅ) ಎಂದು ಬರೆದೆ.