ಕಣಜದೊಳಗಿನ ಬಯಲು

ಅಕ್ಟೋಬರ್. ಸಸ್ಕಾಚೆವಾನಿನಲ್ಲಿ ಕೊಯ್ಲು ಮುಗಿದು
ಬಯಲು ಮತ್ತೆ ಬರೀ ಬಯಲಾದ ವಾರ.
ತಗಡಿನ ಕಣಜದಲ್ಲಿ ಹದಿನಾರು ಅಡಿ ಕನೋಲಾ,
ಸಾಸಿವೆಯ ಕುಲದ ಕಾಳು, ಕಪ್ಪಗೆ, ಇನ್ನೂ ಹಸಿ.
ಒಳಗೆ ಕಾವು ಕಟ್ಟಿತೋ, ಗೊತ್ತಾಗುವಷ್ಟರಲ್ಲಿ ಕರಕಲು.
ಹೋದ ವರ್ಷ ಹ್ರಿಟ್ಸಾಕರ ಅಂಗಳದಲ್ಲಿ
ಆ ವಾಸನೆ ಮೂಸಿದ್ದೇವೆ.

ಸ್ಟೆಫ್ಕೋ ಫ್ಯಾನಿಗೆ ಬೋಲ್ಟು ಬಿಗಿಯುತ್ತಿದ್ದ.
ನಾನು ಪಿಕಪ್ಪಿನ ಬಾನೆಟ್ಟಿನ ಮೇಲೆ
ಬೀಜದಂಗಡಿ ರಸೀತಿಯ ಬೆನ್ನಿಗೆ ಲೆಕ್ಕ ಬರೆದೆ:

ಕಾಳಿನ ಅಡ್ಡಳತೆ, ಎರಡು ಮಿಲಿಮೀಟರಿಗೂ ಕಮ್ಮಿ.
ರಾಶಿಯ ಎತ್ತರ. ಗಾಳಿಯ ನಡಿಗೆ.
ಮೆಲ್ಲಗೆ ಬಂದ ಗಾಳಿಗೆ ಮೈಯುಜ್ಜಿದಷ್ಟೇ ಸುಂಕ;
ಅವಸರದ ಗಾಳಿಗೆ, ವೇಗ ಎರಡಾದರೆ ಸುಂಕ ನಾಲ್ಕು.
ಇಡೀ ಲೆಕ್ಕದ ಜುಟ್ಟು ಹಿಡಿದಿರುವುದು ಮಾತ್ರ
ಕಾಳಲ್ಲ,
ಕಾಳು ಕಾಳಿನ ನಡುವೆ ಯಾರೂ ಇಲ್ಲದ ಜಾಗ.
ಕಣಜ ತುಂಬಿತು ಅಂತೀವಲ್ಲ,
ಹತ್ತರಲ್ಲಿ ನಾಲ್ಕು ಪಾಲು ತುಂಬಿಟ್ಟಿರುವುದು ಬಯಲನ್ನೇ.
ಅದನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಗುಣಿಸಿ
ಗೆರೆಯ ಕೆಳಗಿಡಬೇಕು.
ನಾಲ್ಕಿದ್ದದ್ದು ಮೂರೂವರೆಗೆ ಇಳಿದರೆ ಸಾಕು,
ಸುಂಕ ಒಂದೂಮುಕ್ಕಾಲು ಪಟ್ಟು.

ಉತ್ತರ ಬಂತು: ಐದು ಇಂಚು ನೀರು.

ಪ್ಲಾಸ್ಟಿಕ್ ನಳಿಗೆ ಬಗ್ಗಿಸಿ, ಕಾಣಲಿ ಅಂತ
ಬೀಟ್‌ರೂಟ್ ಬೇಯಿಸಿದ ನೀರು ಹೊಯ್ದು
ಒಂದು ತುದಿಯನ್ನು ಕಣಜದ ಬುಡಕ್ಕೆ ಚುಚ್ಚಿದೆವು.
ಫ್ಯಾನು ಅರಚಿತು. ಕೆಂಪು ಏರಿತು. ಐದು ದಾಟಿತು,
ಆರು, ಏಳು,
ಎಂಟರಲ್ಲಿ ನಡುಗುತ್ತ ನಿಂತಿತು.

"ನಿನ್ನ ಕಾಗದ ಸುಳ್ಳು," ಅಂದ ಸ್ಟೆಫ್ಕೋ.
ಸುಳ್ಳಲ್ಲ. ಪಾಪ, ಅದಕ್ಕೆ ಗೊತ್ತಿರುವುದು
ಒಂದೇ ಅಳತೆಯ ದುಂಡು ಕಾಳು, ಎಲ್ಲೆಲ್ಲೂ ಒಂದೇ ಬಯಲು.
ಆದರೂ, ಮೂರು ಇಂಚು ಎಲ್ಲಿ ಬಚ್ಚಿಟ್ಟುಕೊಂಡಿದೆ?

ಪಕ್ಕದ ಹೊಲದ ಥೀಸೆನ್ ಮುದುಕ ಬಂದ,
ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು.
ಏಣಿ ಹತ್ತಿ, ಉದ್ದ ಕೋಲಿನ ತುದಿಗೆ
ಟಿಶ್ಯೂ ಕಾಗದದ ಚೂರು ಸಿಕ್ಕಿಸಿ ಒಳಗೆ ಚಾಚಿದ.
ಗೋಡೆಯ ಬಳಿ: ಪಟಪಟ.
ನಟ್ಟನಡುವೆ: ಜೋತುಬಿದ್ದ ನಾಲಿಗೆ.
"ಸುರಿಯುವಾಗ ದಪ್ಪ ಕಾಳು ಉರುಳಿ ಅಂಚಿಗೆ ಹೋಗುತ್ತೆ.
ಹೊಟ್ಟು, ನುಚ್ಚು, ಕಳೆಬೀಜ ಬಿದ್ದಲ್ಲೇ ಕೂರುತ್ತೆ.
ಹೊಟ್ಟೆಯಿಂದ ಒಂದು ಲಾರಿ ತೆಗೀರಿ."

ಕತ್ತಲಾಗುವವರೆಗೂ ತೆಗೆದೆವು.
ರಾಶಿಯ ನೆತ್ತಿ ಕುಸಿದು ಲಾಳಿಕೆಯಾಯಿತು.
ಮತ್ತೆ ಫ್ಯಾನು. ಏಳು. ಆರು.
ಐದೂವರೆಗೆ ಬಂದು ಅಲ್ಲೇ ಹಟ ಹಿಡಿಯಿತು.
ಉಳಿದ ಅರ್ಧ ಇಂಚನ್ನು ರಸೀತಿಯಲ್ಲಿ ಬರೆದು
ಮುಂದೊಂದು ಪ್ರಶ್ನೆಯ ಗುರುತು ಹಾಕಿದೆ.
ಥೀಸೆನ್ ಇಣುಕಿ ನೋಡಿ, "ಅದು ಕಣಜದ ಸ್ವಂತ ವಿಷಯ,"
ಅಂದು ಕೈಗವಸು ಹುಡುಕುತ್ತ ಹೋದ.

ನಡುರಾತ್ರಿ ಹಿಮ ಶುರುವಾಯಿತು.
ಛಾವಣಿಯ ಕಿಂಡಿಯಿಂದ ಬೆಚ್ಚಗಿನ ಉಸಿರು,
ಹಸಿ ಎಣ್ಣೆಯ ಘಮ.
ಸ್ಟೆಫ್ಕೋ ಪಿಕಪ್ಪಿನಲ್ಲೇ ಗೊರಕೆ.
ನಳಿಗೆಯ ನೀರು ಹೆಪ್ಪುಗಟ್ಟದಿರಲಿ ಅಂತ
ಅವನ ಸೀಸೆಯಿಂದ ಒಂದು ಗುಟುಕು ವೋಡ್ಕಾ ಬೆರೆಸಿದೆ.
ವೋಡ್ಕಾ ನೀರಿಗಿಂತ ಹಗುರ; ಕೆಂಪು ಒಂದು ಕೂದಲೆಳೆ
ಹೆಚ್ಚೇ ತೋರಿಸುತ್ತೆ, ಗೊತ್ತು.